ಎರೆನಾಡಿನಂಥ ಬಯಲಿನಲ್ಲಿ ಒಬ್ಬ ಡ್ರಾಯಿಂಗ್ ಟೀಚರ್: ಜಾರ್ಜಿಯಾ ಓಕೀಫ್

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಅಮೆರಿಕದ ಚಿತ್ರಗಾರ್ತಿ ಜಾರ್ಜಿಯಾ ಓಕೀಫ್ ಹೆಸರು ಮಾಡುವುದಕ್ಕೆ ಮೊದಲು ನಮ್ಮಂಥದೇ ಮಳೆ ಕಡಿಮೆಯ ಬಯಲು ಪ್ರದೇಶದಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರೆಂದು ಓದಿದೆ. ಅವರ ಬಗ್ಗೆ ಸಿಗುವ ಬರಹಗಳೆಲ್ಲ ದೊಡ್ಡ ಹೂಗಳಿಂದ ಶುರುವಾಗಿ ಅವರ ಪತಿಯ ಹೆಸರಿನಲ್ಲಿ ಮುಗಿಯುತ್ತವೆ. ಪಾಠ ಹೇಳಿದ ವರ್ಷಗಳಲ್ಲಿ ಅವರು ಏನು ಮಾಡಿದರು? ಚಿತ್ರಗಾರ್ತಿಯ ಪಾಲಿಗೆ ಆ ವರ್ಷಗಳು ನಷ್ಟವಾದವೇ?

ಉತ್ತರ: ನಷ್ಟವಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಸಮಾಧಾನ ಹೇಳಿದಂತಾಗುತ್ತದೆಯೇ ಹೊರತು ಉತ್ತರ ಕೊಟ್ಟಂತಾಗುವುದಿಲ್ಲ. ಓಕೀಫ್ 1912ರಿಂದ 1918ರವರೆಗೆ, ನಡುನಡುವೆ ತಾವೇ ಓದಲು ಬಿಡುವು ಮಾಡಿಕೊಂಡು, ಬೇರೆ ಬೇರೆ ಊರುಗಳಲ್ಲಿ ಚಿತ್ರಕಲೆ ಕಲಿಸಿದರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ಕ್ಯಾನ್ವಾಸಿನಲ್ಲಿ ನಾವು ಗುರುತಿಸುವ ಗುಣಗಳು, ಅಂದರೆ ಜಾಗವನ್ನು ಧೈರ್ಯವಾಗಿ ಭಾಗ ಮಾಡುವುದು, ಬೇಡದ್ದನ್ನು ನಿರ್ದಾಕ್ಷಿಣ್ಯವಾಗಿ ಬಿಡುವುದು, ಒಂದು ಸಣ್ಣ ವಸ್ತುವಿಗೂ ಇಡೀ ಹಾಳೆಯನ್ನು ಒಪ್ಪಿಸುವುದು, ಈ ವರ್ಷಗಳಲ್ಲೇ ರೂಪುಗೊಂಡವು. ನೌಕರಿಯ ಗಡಿಬಿಡಿಯ ನಡುವೆಯೂ ಅವು ಹೇಗೋ ಉಳಿದುಕೊಂಡವೆಂದು ಹೇಳುವವರಿದ್ದಾರೆ. ಬಹುಮಟ್ಟಿಗೆ ಅವು ಪಾಠದಿಂದಲೇ ಹುಟ್ಟಿದವು ಎಂದು ತೋರಿಸಲು ಸಾಧ್ಯವಿದೆ.

ಅವರು ಹುಟ್ಟಿದ್ದು 1887ರ ನವೆಂಬರ್ 15ರಂದು, ವಿಸ್ಕಾನ್ಸಿನ್ ರಾಜ್ಯದ ಸನ್ ಪ್ರೇರಿ ಎಂಬ ಊರಿನ ಬಳಿಯ ಒಕ್ಕಲು ಮನೆಯಲ್ಲಿ, ಏಳು ಮಕ್ಕಳಲ್ಲಿ ಎರಡನೆಯವರಾಗಿ. 1905ರಲ್ಲಿ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಸೇರಿ ಒಂದು ವರ್ಷ ಕಲಿತರು. ಆಮೇಲೆ ವಿಷಮಶೀತ ಜ್ವರ ಬಂದು ಓದು ನಿಂತಿತು. 1907ರಲ್ಲಿ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಸೇರಿದರು. ತಾಮ್ರದ ಪಾತ್ರೆಯ ಪಕ್ಕದಲ್ಲಿ ಮಲಗಿಸಿದ ಸತ್ತ ಮೊಲದ ವಸ್ತುಚಿತ್ರಕ್ಕೆ 1908ರಲ್ಲಿ ಅಲ್ಲಿನ ಬಹುಮಾನವನ್ನೂ ಪಡೆದರು. ವಿಚಿತ್ರವೆಂದರೆ, ಬಹುಮಾನ ಬಂದ ವರ್ಷವೇ ಅವರು ಚಿತ್ರ ಬಿಡಿಸುವುದನ್ನು ನಿಲ್ಲಿಸಿದರು. ತಂದೆಯ ವ್ಯವಹಾರ ಕುಸಿದಿತ್ತು, ತಾಯಿಗೆ ಕ್ಷಯ ತಗುಲಿತ್ತು; ಜೊತೆಗೆ ತಮ್ಮ ಗುರುಗಳಂತೆಯೇ, ಅವರಿಗಿಂತ ಸ್ವಲ್ಪ ಕಡಿಮೆ ಚೆನ್ನಾಗಿ, ಎಣ್ಣೆಬಣ್ಣ ಹಚ್ಚುವುದರಲ್ಲಿ ಅರ್ಥವಿಲ್ಲವೆಂಬ ಬೇಸರವೂ ಬಂದಿತ್ತು. ಶಿಕಾಗೋದಲ್ಲಿ ಜಾಹೀರಾತಿನ ಲೇಸು, ಕಸೂತಿಗಳ ಚಿತ್ರ ಬರೆದು ಹೊಟ್ಟೆ ಹೊರೆದರು. ದಡಾರ ಬಂದು ಕಣ್ಣು ದುರ್ಬಲವಾದಾಗ ಆ ಕೆಲಸವನ್ನೂ ಬಿಟ್ಟು ಮನೆಯವರಿದ್ದ ವರ್ಜೀನಿಯಾಕ್ಕೆ ಬಂದರು.

ಅವರನ್ನು ಮತ್ತೆ ಹಾಳೆಯ ಮುಂದೆ ಕೂರಿಸಿದ್ದು ಶಿಕ್ಷಕರಿಗಾಗಿ ನಡೆಯುತ್ತಿದ್ದ ಒಂದು ಬೇಸಿಗೆ ತರಗತಿ. ವರ್ಜೀನಿಯಾ ವಿಶ್ವವಿದ್ಯಾಲಯ ಆಗ ಹೆಣ್ಣುಮಕ್ಕಳನ್ನು ಗಂಡಸರಂತೆ ಪದವಿ ತರಗತಿಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಬಾಗಿಲು ತೆರೆಯುತ್ತಿತ್ತು. 1912ರ ಬೇಸಿಗೆಯಲ್ಲಿ ಅಲ್ಲಿ ಪಾಠ ಹೇಳುತ್ತಿದ್ದ ಅಲೋನ್ ಬೆಮೆಂಟ್ ಅವರು ಆರ್ಥರ್ ವೆಸ್ಲಿ ಡೌ ಎಂಬ ಕಲಾಶಿಕ್ಷಕರ ಪದ್ಧತಿಯನ್ನು ಅನುಸರಿಸುತ್ತಿದ್ದರು. ಡೌ 1899ರಲ್ಲಿ ಸಂಯೋಜನೆಯ ಬಗ್ಗೆ ಒಂದು ಪಠ್ಯವನ್ನು ಪ್ರಕಟಿಸಿದ್ದರು. ಜಪಾನಿನ ಮರದಚ್ಚಿನ ಚಿತ್ರಗಳನ್ನು ಆಳವಾಗಿ ಅಭ್ಯಾಸ ಮಾಡಿದ್ದ ಅವರು, ಪ್ಲಾಸ್ಟರ್ ಬೊಂಬೆಗಳನ್ನು ವರ್ಷಗಟ್ಟಲೆ ನಕಲು ಮಾಡಿಸುವ ಯುರೋಪಿನ ಕ್ರಮವನ್ನು ಬದಿಗಿಟ್ಟು, ಗೆರೆ, ಕಪ್ಪು-ಬಿಳುಪಿನ ಹಂಚಿಕೆ, ಬಣ್ಣ ಎಂಬ ಮೂರೇ ಮೂರು ಅಂಶಗಳಿಂದ ಮೊದಲ ದಿನವೇ ವಿದ್ಯಾರ್ಥಿಯ ಕೈಯಿಂದ ಸ್ವಂತ ರಚನೆ ಮಾಡಿಸಬೇಕೆಂದು ವಾದಿಸುತ್ತಿದ್ದರು. ಕಾಣುವುದನ್ನು ಕಂಡಂತೆ ಬರೆಯುವ ಮೊದಲು, ಇರುವ ಜಾಗವನ್ನು ಚೆಂದವಾಗಿ ತುಂಬುವುದನ್ನು ಕಲಿಯಬೇಕೆಂಬುದು ಅವರ ಪಾಠದ ಸಾರ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಕೂಡಿಸಿ, ಹೂಜಿ ಮತ್ತು ಬಾಳೆಹಣ್ಣನ್ನು ಮತ್ತೆ ಮತ್ತೆ ಬರೆಯಿಸಿದ ನಿಮಗೆ ಈ ವಾದದ ಬಿಸಿ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ವರ್ಷ ಓಕೀಫ್ ಅವರಿಗೆ ಟೆಕ್ಸಾಸ್ ರಾಜ್ಯದ ಉತ್ತರ ತುದಿಯ ಅಮರಿಲ್ಲೊ ಪಟ್ಟಣದ ಸರ್ಕಾರಿ ಶಾಲೆಗಳಲ್ಲಿ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಚಿತ್ರಕಲೆ ಮತ್ತು ಕೈಬರಹದ ಮೇಲ್ವಿಚಾರಕಿ. ಆಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಆ ಸೀಮೆಯನ್ನು ಮನಸ್ಸಿಗೆ ತಂದುಕೊಳ್ಳಲು ನೀವು ದೂರ ಹೋಗಬೇಕಾಗಿಲ್ಲ. ಮಾನ್ವಿಯಿಂದ ಸಿಂಧನೂರಿನ ಕಡೆಗೆ ಹೋಗುವಾಗ ಕಾಲುವೆ ನೀರು ಹತ್ತದ ಎರೆಹೊಲಗಳನ್ನು ನೆನೆಸಿಕೊಳ್ಳಿ: ಕಣ್ಣಿಗೆ ತಡೆಯಿಲ್ಲದ ಬಯಲು, ದಿನವಿಡೀ ಬೀಸುವ ಗಾಳಿ, ನೆಲಕ್ಕಿಂತ ಆಕಾಶವೇ ಹೆಚ್ಚು. ಅಮರಿಲ್ಲೊದ ವಾರ್ಷಿಕ ಮಳೆ ಸುಮಾರು 50 ಸೆಂಟಿಮೀಟರ್. ರಾಯಚೂರಿಗಿಂತಲೂ ತುಸು ಕಡಿಮೆಯೇ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಜೋಳ-ಹತ್ತಿಗಿಂತ ದನದ ವ್ಯಾಪಾರ ದೊಡ್ಡದಾಗಿತ್ತು ಎಂಬ ವ್ಯತ್ಯಾಸಗಳಿವೆ. ರೈಲಿಗೆ ತುಂಬಲು ಕೂಡಿಹಾಕಿದ ಹಸುಗಳು ಅಗಲಿದ ಕರುಗಳಿಗಾಗಿ ಹಗಲಿರುಳು ಕೂಗುತ್ತಿದ್ದ ದನಿ ಅವರನ್ನು ಎಷ್ಟು ಕಾಡಿತೆಂದರೆ, 1919ರಲ್ಲಿ ಆ ದನಿಯನ್ನೇ ವಸ್ತುವಾಗಿಟ್ಟುಕೊಂಡು ಚಿತ್ರ ಬರೆದರು. 1950ರ ದಶಕದಲ್ಲಿ ಅದನ್ನೇ ಮತ್ತೆ ಕೈಗೆತ್ತಿಕೊಂಡರು. ಹಸಿರಿಲ್ಲದ ಊರಿಗೆ ವರ್ಗವಾಯಿತೆಂದು ಅಳುವ ನಮ್ಮ ಕೆಲವು ಸಹೋದ್ಯೋಗಿಗಳಿಗೆ ಇದು ಅರ್ಥವಾಗುವುದು ಕಷ್ಟ. ಓಕೀಫ್ ಅವರಿಗೆ ಆ ಬಯಲು ಸಿಕ್ಕಾಪಟ್ಟೆ ಹಿಡಿಸಿತ್ತು.

ಅಮರಿಲ್ಲೊದಲ್ಲಿ ನಡೆದ ಒಂದು ಜಗಳವನ್ನು ಹೇಳಲೇಬೇಕು. ರಾಜ್ಯದ ಹೊಸ ಕಾನೂನಿನಂತೆ ಶಾಲೆಗಳು ಗೊತ್ತುಪಡಿಸಿದ ಡ್ರಾಯಿಂಗ್ ಪುಸ್ತಕವನ್ನೇ ಕೊಳ್ಳಬೇಕಾಯಿತು. ಓಕೀಫ್ ಒಪ್ಪಲಿಲ್ಲ. ತಮ್ಮ ಮಕ್ಕಳಲ್ಲಿ ಹೆಚ್ಚಿನವರ ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ಚಿತ್ರವೆಂಬುದೂ ಇಲ್ಲ, ಅಂಥವರಿಗೆ ಪುಸ್ತಕದ ಮಾದರಿಯನ್ನು ನಕಲು ಮಾಡಿಸುವುದಕ್ಕಿಂತ ಅವರ ಸುತ್ತ ಇರುವುದನ್ನು ನೋಡುವುದನ್ನೇ ಕಲಿಸಬೇಕು ಎಂಬುದು ಅವರ ನಿಲುವು. ಮೇಲಿನವರು ಒತ್ತಾಯಿಸಿದರೂ ವರ್ಷ ಮುಗಿಯುವವರೆಗೆ ಆ ಪುಸ್ತಕ ತರಗತಿಯೊಳಕ್ಕೆ ಬರಲಿಲ್ಲ.

ಪುಸ್ತಕದ ಬದಲು ಅವರು ಏನು ಮಾಡಿಸುತ್ತಿದ್ದರು? ಹಾಳೆಯ ಮೇಲೆ ಒಂದು ಚೌಕ ಬರೆಯಿರಿ, ಅದರೊಳಗೆ ಎಲ್ಲಾದರೂ ಒಂದು ಬಾಗಿಲು ಇಡಿ ಎಂದು ಹೇಳುತ್ತಿದ್ದರು. ಅಷ್ಟೇ. ಕೇಳಲು ಇದು ಬಾಲವಾಡಿಯ ಆಟದಂತಿದೆ, ಆದರೆ ಒಮ್ಮೆ ಕೈಯಾರೆ ಮಾಡಿ ನೋಡಿ. ಬಾಗಿಲನ್ನು ಸರಿಯಾಗಿ ನಡುವೆ ಇಟ್ಟರೆ ಚೌಕದ ಎರಡೂ ಮಗ್ಗುಲು ಒಂದೇ ಆಗಿ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಬಲತುದಿಗೆ ಸರಿಸಿದ ಕೂಡಲೇ ಎಡಗಡೆ ಒಂದು ದೊಡ್ಡ ಖಾಲಿ ಗೋಡೆ ಹುಟ್ಟುತ್ತದೆ. ಆ ಖಾಲಿಗೂ ಒಂದು ತೂಕವಿದೆ ಎಂದು ಮಗುವಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ಬಾಗಿಲನ್ನು ಕುಳ್ಳಗೆ ಮಾಡಿದರೆ ಗೋಡೆ ಎತ್ತರವಾಗುತ್ತದೆ, ಕಪ್ಪು ತುಂಬಿದರೆ ಮನೆಯೊಳಗೆ ಕತ್ತಲೆ ಬರುತ್ತದೆ. ಮನೆಗೆ ಕಿಟಕಿ-ಬಾಗಿಲು ಎಲ್ಲಿಡಬೇಕು, ಲಕೋಟೆಯ ಮೇಲೆ ವಿಳಾಸ ಎಲ್ಲಿ ಬರೆದು ಅಂಚೆಚೀಟಿ ಎಲ್ಲಿ ಹಚ್ಚಬೇಕು, ತಲೆ ಹೇಗೆ ಬಾಚಿಕೊಳ್ಳಬೇಕು ಎಂಬುದೆಲ್ಲ ಚಿತ್ರ ಬರೆಯುವವನ ಆಯ್ಕೆಯಂಥದೇ ಎಂದು ಅವರು ನಂಬಿದ್ದರು. ಚಿತ್ರಗಾರರಾಗುವ ಇರಾದೆಯೇ ಇಲ್ಲದ ಮಕ್ಕಳಿಗೆ ಕಲಿಸುವುದು ಅವರಿಗೆ ಇಷ್ಟವಾಗಿದ್ದುದೂ ಇದಕ್ಕಾಗಿಯೇ. ನಮ್ಮ ಕಡೆಯ ಹೆಣ್ಣುಮಕ್ಕಳು ಹಳೆಯ ಸೀರೆಯ ತುಂಡುಗಳನ್ನು ನೆಲದ ಮೇಲೆ ಹರಡಿ, ಕೆಂಪು ಪಟ್ಟಿಯನ್ನು ಅಂಚಿಗಿಡಲೋ ನಡುವಿಗಿಡಲೋ ಎಂದು ಸರಿಸಿ ಸರಿಸಿ ನೋಡಿ ಕೌದಿ ಹೊಲಿಯುವುದನ್ನು ಡೌ ಕಂಡಿದ್ದರೆ ತಮ್ಮ ಪಾಠ ಇಲ್ಲಾಗಲೇ ನಡೆಯುತ್ತಿದೆ ಎನ್ನುತ್ತಿದ್ದರೇನೋ.

1914ರಲ್ಲಿ ಓಕೀಫ್ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಸ್ವತಃ ಡೌ ಅವರ ಬಳಿಯೇ ಕಲಿತರು. 1915ರ ಕೊನೆಯಲ್ಲಿ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಮಹಿಳಾ ಕಾಲೇಜಿನಲ್ಲಿ ಕೆಲಸ ಹಿಡಿದರು. ಪಾಠದ ಹೊರೆ ಕಡಿಮೆ, ಮಾತಿಗೆ ಜೊತೆಯೂ ಕಡಿಮೆ. ಅಲ್ಲಿ ಅವರು ತಮ್ಮ ಈವರೆಗಿನ ಚಿತ್ರಗಳನ್ನೆಲ್ಲ ಕೋಣೆಯ ಸುತ್ತ ಇಟ್ಟು ಒಂದೊಂದಾಗಿ ನೋಡಿದರು. ಇದು ಈ ಗುರುಗಳಿಗೆ ಮೆಚ್ಚಿಕೆಯಾಗಲೆಂದು ಬರೆದದ್ದು, ಇದು ಆ ಗುರುಗಳ ದಾರಿಯದ್ದು ಎಂದು ಲೆಕ್ಕ ಹಾಕುತ್ತ ಹೋದಂತೆ ತಮ್ಮದೆನ್ನುವುದು ಒಂದೂ ಉಳಿಯಲಿಲ್ಲ. ಬಣ್ಣಗಳನ್ನೆಲ್ಲ ಎತ್ತಿಟ್ಟು, ಕಪ್ಪು-ಬಿಳುಪಿನಲ್ಲಿ ಹೇಳಲಾಗದ್ದು ಎದುರಾಗುವವರೆಗೆ ಬಣ್ಣ ಮುಟ್ಟುವುದಿಲ್ಲವೆಂದು ನಿಶ್ಚಯಿಸಿ, ರಾತ್ರಿ ಹೊತ್ತು ನೆಲದ ಮೇಲೆ ಹಾಳೆ ಹರಡಿ ಇದ್ದಿಲಿನಲ್ಲಿ ಬರೆಯತೊಡಗಿದರು. ಸುರುಳಿ, ಅಲೆ, ಚಿಲುಮೆಯಂತೆ ಮೇಲೇಳುವ ಆಕಾರಗಳು. ಗಿಡವೆಂದೋ ನೀರೆಂದೋ ಹೆಸರಿಡಲು ಬಾರದವು. ಅಮೆರಿಕದಲ್ಲಿ ಅಮೂರ್ತ ಚಿತ್ರವನ್ನು ಬೆರಳೆಣಿಕೆಯ ಜನ ಮಾತ್ರ ಯತ್ನಿಸುತ್ತಿದ್ದ ಕಾಲವದು.

ಆ ಚಿತ್ರಗಳನ್ನು ಸುತ್ತಿ ತಮ್ಮ ಗೆಳತಿ ಆನಿಟಾ ಪಾಲಿಟ್ಜರ್‌ಗೆ ಅಂಚೆಯಲ್ಲಿ ಕಳಿಸಿದರು. ಆಕೆ 1916ರ ಜನವರಿ 1ರಂದು ಅವುಗಳನ್ನು ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಮುಂದೆ ಬಿಚ್ಚಿಟ್ಟರು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ '291' ಎಂಬ ಸಣ್ಣ ಗ್ಯಾಲರಿ ನಡೆಸುತ್ತಿದ್ದ ಅವರು ಮೇ ತಿಂಗಳಲ್ಲಿ ಓಕೀಫ್ ಅವರನ್ನು ಕೇಳದೆಯೇ ಚಿತ್ರಗಳನ್ನು ಗೋಡೆಗೇರಿಸಿದರು. ವಿಷಯ ತಿಳಿದ ಓಕೀಫ್ ನೇರವಾಗಿ ಗ್ಯಾಲರಿಗೆ ಹೋಗಿ ಜಗಳವಾಡಿ, ಕೊನೆಗೆ ಚಿತ್ರಗಳು ಅಲ್ಲಿರಲು ಒಪ್ಪಿದರು. ಸ್ಟೀಗ್ಲಿಟ್ಸ್ ಅವರೇ ಓಕೀಫ್ ಅವರನ್ನು 'ರೂಪಿಸಿದರು' ಎಂದು ಬರೆಯುವವರು ತಾರೀಖುಗಳನ್ನು ನೋಡಬೇಕು: ಅವರು ಕಂಡಾಗ ಚಿತ್ರಗಳು ಪೂರ್ತಿಯಾಗಿದ್ದವು, ಬರೆದಾಕೆ ಊರಾಚೆಯ ಕಾಲೇಜಿನ ಟೀಚರ್ ಆಗಿದ್ದಳು, ದಾರಿ ಮಾಡಿಕೊಟ್ಟವಳು ಇನ್ನೊಬ್ಬ ಹೆಣ್ಣುಮಗಳು. ಆ ಪಾಲಿಟ್ಜರ್ ಮುಂದೆ ಮಹಿಳೆಯರ ಮತದಾನದ ಹಕ್ಕಿನ ಹೋರಾಟದಲ್ಲಿ ಮುಂಚೂಣಿಯಲ್ಲಿ ನಿಂತರು.

1916ರ ಶರತ್ಕಾಲದಲ್ಲಿ ಓಕೀಫ್ ಮತ್ತೆ ಟೆಕ್ಸಾಸಿಗೆ ಬಂದರು. ಈ ಬಾರಿ ಅಮರಿಲ್ಲೊದ ಹತ್ತಿರದ ಕ್ಯಾನ್ಯನ್ ಊರಿನ ಶಿಕ್ಷಕರ ತರಬೇತಿ ಕಾಲೇಜಿಗೆ, ಚಿತ್ರಕಲಾ ವಿಭಾಗದ ಮುಖ್ಯಸ್ಥೆಯಾಗಿ. ನನ್ನ ದೃಷ್ಟಿಯಲ್ಲಿ ಅವರ ಇಡೀ ಬಾಳಿನ ಅತ್ಯಂತ ಫಲವತ್ತಾದ ಕಾಲ ಇದೇ. ಹೂಗಳ ಕಾಲಕ್ಕಿಂತಲೂ ಇದಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಸಂಜೆ ತಂಗಿ ಕ್ಲಾಡಿಯಾಳ ಜೊತೆ ಊರ ಹೊರಗೆ ನಡೆಯುವುದು, ಸಮತಟ್ಟಾದ ನೆಲ ಇದ್ದಕ್ಕಿದ್ದಂತೆ ಸೀಳಿ ಸುಮಾರು 800 ಅಡಿ ಆಳಕ್ಕಿಳಿಯುವ ಪ್ಯಾಲೊ ಡ್ಯೂರೊ ಕಮರಿಗೆ ದನಗಳ ಕಾಲುದಾರಿಯಲ್ಲಿ ಇಳಿಯುವುದು, ಬಂದು ಬರೆಯುವುದು. ಬಯಲಿನ ಮೇಲೆ ಮೂಡುವ ಬೆಳಕನ್ನು ಕುರಿತು 1917ರಲ್ಲಿ ಮಾಡಿದ ಮೂರು ಜಲವರ್ಣಗಳು ಈಗ ಫೋರ್ಟ್ ವರ್ತ್‌ನ ಆಮನ್ ಕಾರ್ಟರ್ ಮ್ಯೂಸಿಯಂನಲ್ಲಿವೆ. ಒಂದೊಂದೂ ಸುಮಾರು 12 ಅಂಗುಲ ಎತ್ತರ, 9 ಅಂಗುಲ ಅಗಲ. ಬರೆದದ್ದು ಅಗ್ಗದ ತೆಳು ನ್ಯೂಸ್‌ಪ್ರಿಂಟ್ ಕಾಗದದ ಮೇಲೆ. ಅಡಿಯಲ್ಲಿ ನೆಲವೆಂದು ಒಂದು ಅಡ್ಡ ನೀಲಿ ಪಟ್ಟೆ. ಅದರ ಮೇಲೆ ಗೋಲಗುಮ್ಮಟದ ಒಳಮೈಯಂತೆ ಒಂದರೊಳಗೊಂದು ಕೂತ ನೀಲಿ ಕಮಾನುಗಳು, ಹೊರಗಡೆ ಗಾಢ, ಒಳಕ್ಕೆ ಬಂದಂತೆ ತಿಳಿ. ನೆಲಕ್ಕೆ ತಾಗುವ ಕಡೆ ಬಹುತೇಕ ಬರೀ ಕಾಗದವೇ ಬೆಳಕಾಗಿದೆ. ಕಮಾನು ಕಮಾನಿಗೆ ಕಲೆತು ರಾಡಿಯಾಗದಂತೆ ನಡುವೆ ಕೂದಲೆಳೆಯಷ್ಟು ಒಣ ಜಾಗ ಬಿಟ್ಟಿದ್ದಾರೆ. ಮರವಿಲ್ಲ, ಮನೆಯಿಲ್ಲ, ಸೂರ್ಯನೂ ಇಲ್ಲ. ಡೌ ಪಾಠದ ಮೂರು ಅಂಶಗಳಷ್ಟೇ ಅಲ್ಲಿರುವುದು. ತರಗತಿಯಲ್ಲಿ ಪ್ರತಿದಿನ ಅದನ್ನೇ ಹೇಳುತ್ತಿದ್ದವರ ಕೈಗೆ ಮಾತ್ರ ಅಷ್ಟು ಕಡಿಮೆಯಲ್ಲಿ ನಿಲ್ಲುವ ಧೈರ್ಯ ಬರುತ್ತದೆಂದು ನನಗನ್ನಿಸುತ್ತದೆ. ಕಲಿಸುವವರು ತಾವು ಮಾಡುವುದಕ್ಕೆ ಕಾರಣ ಹೇಳಬೇಕಾಗುತ್ತದೆ, ಹಾಗೆ ಹೇಳುತ್ತ ಹೇಳುತ್ತ ತಮಗೇ ಕಾರಣ ಸ್ಪಷ್ಟವಾಗುತ್ತದೆ.

ಕ್ಯಾನ್ಯನ್ ಅವರನ್ನು ಪ್ರೀತಿಯಿಂದ ನಡೆಸಿಕೊಂಡಿತೆಂದು ಹೇಳಲಾರೆ. ಉದ್ದನೆಯ ಕಪ್ಪು ಉಡುಪು, ಒಂಟಿ ತಿರುಗಾಟ ಜನರ ಕಣ್ಣಿಗೆ ಬಿದ್ದಿತ್ತು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಯುದ್ಧದ ಹುಮ್ಮಸ್ಸಿಗೆ ತಲೆದೂಗದ ಟೀಚರಮ್ಮನ ಮೇಲೆ ಊರಿಗೆ ಸಿಟ್ಟೂ ಬಂತು. 1918ರ ಆರಂಭದಲ್ಲಿ ಕಾಯಿಲೆ ಬಿದ್ದು ರಜೆ ಹಾಕಿದರು. ಆ ಜೂನ್‌ನಲ್ಲಿ, ಒಂದು ವರ್ಷ ಚಿತ್ರ ಬರೆಯುವಷ್ಟಕ್ಕೆ ಖರ್ಚು ತಾನು ನೋಡಿಕೊಳ್ಳುವೆನೆಂಬ ಸ್ಟೀಗ್ಲಿಟ್ಸ್ ಅವರ ಮಾತು ನಂಬಿ ನ್ಯೂಯಾರ್ಕಿಗೆ ಹೋದವರು ಮತ್ತೆ ಕಾಯಂ ಆಗಿ ಪಾಠ ಹೇಳಲಿಲ್ಲ. ಅವರಿಬ್ಬರ ಮದುವೆ 1924ರ ಡಿಸೆಂಬರ್‌ನಲ್ಲಿ ಆಯಿತು.

ಮುಂದಿನ ಕಥೆ ನೀವು ಓದಿದ ಬರಹಗಳಲ್ಲೇ ಇದೆ, ಆದ್ದರಿಂದ ಬೇಗ ದಾಟುತ್ತೇನೆ. 1924ರಿಂದ ದೊಡ್ಡ ಹೂಗಳು ಬಂದವು. ವಿಮರ್ಶಕರು ಅವುಗಳಲ್ಲಿ ಹೆಣ್ಣಿನ ದೇಹವನ್ನೇ ಕಂಡರು. ಓಕೀಫ್ ಬದುಕಿರುವವರೆಗೂ ಅದನ್ನು ಅಲ್ಲಗಳೆದರು. ಒಟ್ಟು ಸುಮಾರು 2,000 ಕೃತಿಗಳಲ್ಲಿ ಹೂವಿನವು ಸುಮಾರು 200 ಮಾತ್ರ ಎಂಬುದು ಹಲವರಿಗೆ ಗೊತ್ತಿಲ್ಲ. 2014ರ ನವೆಂಬರ್‌ನಲ್ಲಿ 4.44 ಕೋಟಿ ಡಾಲರಿಗೆ ಹರಾಜಾಗಿ, ಮಹಿಳೆಯೊಬ್ಬರ ಕೃತಿಗೆ ಅಲ್ಲಿಯವರೆಗಿನ ಅತಿ ಹೆಚ್ಚಿನ ಬೆಲೆ ತಂದ 1932ರ ಚಿತ್ರದಲ್ಲಿರುವುದು ಗುಲಾಬಿಯೋ ಕಮಲವೋ ಅಲ್ಲ, ಬಿಳಿ ಉಮ್ಮತ್ತಿ ಹೂ. ಬಳ್ಳಾರಿಯ ತಿಪ್ಪೆಗುಂಡಿಯ ಪಕ್ಕದಲ್ಲಿ ಬೆಳೆದು ಶಿವನ ತಲೆಯೇರುವ ಹೂವಿನ ಹತ್ತಿರದ ಬಳಗದ್ದು.

1929ರಿಂದ ನ್ಯೂ ಮೆಕ್ಸಿಕೊದ ಒಣ ನಾಡಿಗೆ ಹೋಗಿಬರಲು ತೊಡಗಿದರು. 1945ರಲ್ಲಿ ಅಬಿಕ್ಯೂ ಎಂಬ ಹಳ್ಳಿಯಲ್ಲಿ ಪಾಳುಬಿದ್ದ ಮಣ್ಣಿನ ಮನೆಯೊಂದನ್ನು ಕೊಂಡರು. ಸ್ಟೀಗ್ಲಿಟ್ಸ್ 1946ರಲ್ಲಿ ತೀರಿಕೊಂಡ ಮೇಲೆ, 1949ರಲ್ಲಿ ಅಲ್ಲೇ ನೆಲೆಸಿದರು. ಆ ಮನೆಯ ಅಂಗಳದ ಉದ್ದನೆಯ ಮಣ್ಣಿನ ಗೋಡೆಯಲ್ಲಿ ಒಂದು ಬಾಗಿಲಿತ್ತು. ಆ ಬಾಗಿಲಿಗಾಗಿಯೇ ಮನೆ ಬೇಕಾಯಿತೆಂದು ಅವರು ಹೇಳಿದ್ದಾರೆ. ಅದನ್ನು ಹತ್ತಾರು ಸಲ ಬರೆದರು: ಒಮ್ಮೆ ನಡುವೆ, ಒಮ್ಮೆ ತುದಿಗೆ, ಒಮ್ಮೆ ಕಪ್ಪು ಚೌಕವಾಗಿ, ಒಮ್ಮೆ ಹಿಮ ಬೀಳುವಾಗ. ಅಮರಿಲ್ಲೊದ ಮಕ್ಕಳಿಗೆ ಕೊಟ್ಟ ಅಭ್ಯಾಸವನ್ನು ಮೂರು ದಶಕ ಕಳೆದ ಮೇಲೆ ಜಗತ್ಪ್ರಸಿದ್ಧ ಚಿತ್ರಗಾರ್ತಿ ತಾವೇ ಮಾಡುತ್ತ ಕೂತದ್ದಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಪ್ರಶ್ನೆಗೆ ಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಕಣ್ಣಿನ ನಡುಭಾಗದ ದೃಷ್ಟಿ ಹೋದ ಮೇಲೂ ನೆರವು ಪಡೆದು ಜಲವರ್ಣ ಮಾಡಿದರು, ಜೇಡಿಮಣ್ಣಿನಲ್ಲಿ ಕೈಯಾಡಿಸಿದರು. 1986ರ ಮಾರ್ಚ್ 6ರಂದು, 98ನೆಯ ವಯಸ್ಸಿನಲ್ಲಿ ಸಾಂತಾ ಫೆಯಲ್ಲಿ ತೀರಿಕೊಂಡರು.

ಇಷ್ಟು ಹೇಳಿದ ಮೇಲೆ ಅವರ ಬಾಳನ್ನು ನಿಮ್ಮ ಬಾಳಿಗೆ ಅಳತೆಗೋಲಾಗಿ ಹಿಡಿಯುವುದು ಅನ್ಯಾಯವೆಂದೂ ಹೇಳಬೇಕು. ಅವರಿಗೆ ಮಕ್ಕಳಿರಲಿಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಅವರ ತಲೆಗೆ ಬಂದಿರಲಿಲ್ಲ. ಸಮಯ ಬಂದಾಗ ನೌಕರಿ ಬಿಡುವಷ್ಟು ಆಸರೆ ಅವರಿಗೆ ಸಿಕ್ಕಿತು, ಅವರು ಬಿಟ್ಟೂ ಬಿಟ್ಟರು. ಪಾಠ ಅವರಿಗೆ ಭಾಷೆ ಕೊಟ್ಟಿತು, ಆದರೆ ದೊಡ್ಡ ಕ್ಯಾನ್ವಾಸಿಗೆ ಬೇಕಾದ ಬಿಡುವನ್ನು ಕೊಡಲಿಲ್ಲ ಎಂಬುದೇ ಪ್ರಾಮಾಣಿಕವಾದ ಲೆಕ್ಕ. ನೌಕರಿ ಬಿಡದೆಯೂ ದೊಡ್ಡ ಕೆಲಸ ಮಾಡಿದವರು ಬೇಕೆಂದರೆ ನಮ್ಮ ದೇಶದ ನಸ್ರೀನ್ ಮೊಹಮದಿ ಅವರನ್ನು ನೋಡಿ: 1972ರಿಂದ ಬಹುಕಾಲ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಲೇ, ಪೆನ್ಸಿಲ್ ಮತ್ತು ಶಾಯಿಯ ಗೆರೆಗಳಲ್ಲೇ ಭಾರತದ ಅಮೂರ್ತ ಕಲೆಯ ಶ್ರೇಷ್ಠ ಕೃತಿಗಳನ್ನು ಮಾಡಿದವರು ಅವರು. ಅವರ ಹಾಳೆಗಳು ಹೆಚ್ಚಾಗಿ ನಿಮ್ಮ ಶಾಲೆಯ ಡ್ರಾಯಿಂಗ್ ಬೋರ್ಡಿನ ಮೇಲೆ ಹಿಡಿಸುವ ಅಳತೆಯವು.

ನೀವು ಸಲಹೆ ಕೇಳಿಲ್ಲ, ಆದರೂ ಒಂದು ಮಾತು. ಚೌಕ ಮತ್ತು ಬಾಗಿಲಿನ ಅಭ್ಯಾಸವನ್ನು ಎಂಟನೆಯ ತರಗತಿಗೆ ಕೊಟ್ಟು ನೋಡಿ, ಅದೇ ಅವಧಿಯಲ್ಲಿ ಮಕ್ಕಳ ಜೊತೆ ನೀವೂ ಬರೆಯಿರಿ. ಆ 40 ನಿಮಿಷ ಯಾವ ಕಡತಕ್ಕೂ ಲೆಕ್ಕ ಒಪ್ಪಿಸಬೇಕಾದದ್ದಲ್ಲ. ಕಾಗದದ ವಿಷಯದಲ್ಲಿ ಮಾತ್ರ ಓಕೀಫ್ ಅವರನ್ನು ಅನುಸರಿಸಬೇಡಿ. ನ್ಯೂಸ್‌ಪ್ರಿಂಟ್ ಬೆಳಕಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಮ್ಯೂಸಿಯಂನವರು ಆ ಜಲವರ್ಣಗಳನ್ನು ಬಹುಕಾಲ ಬೆಳಕಿಗೆ ಒಡ್ಡಲು ಹೆದರುವುದು ಅದಕ್ಕೇ. ನೀವು ಇಟ್ಟುಕೊಳ್ಳಬೇಕೆಂದಿರುವ ಚಿತ್ರಗಳನ್ನು ದಪ್ಪನೆಯ ಕಾರ್ಟ್ರಿಜ್ ಶೀಟಿನ ಮೇಲೆ ಬರೆದು, ನಮ್ಮ ಕಡೆಯ ಬಿಸಿಲು ಬೀಳದ ಕಡೆ ಚಪ್ಪಟೆಯಾಗಿ ಇಡಿ.